ಹರಿಗೋಲಿನಲ್ಲಿ ಕೇಳಿದ ಪ್ರಶ್ನೆ

ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ನಾನು ಜೀವಮಾನದಲ್ಲಿ ಒಂದೇ ಒಂದು ದಿನ ಮೀನು ಹಿಡಿಯಲು ಹೋಗಿದ್ದೆ. ಹಿಡಿದೆನೇ ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಕೊಡಲು ಇಡೀ ದಿನವನ್ನೇ ಹೇಳಬೇಕಾಗುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಕಡೆಯಿಂದ ಬಂದು ರಾಜಾಜಿನಗರದಲ್ಲಿ ನೆಲೆಸಿದ್ದ ನಮ್ಮ ಮನೆಯಲ್ಲಿ ಅಪ್ಪ, ಅವ್ವ, ನಾನು, ತಂಗಿ ಗಿರಿಜೆ. ಅಪ್ಪ ಮೇಷ್ಟ್ರು. ದಿನಕ್ಕೆರಡು ಸಲ ಲಿಂಗಪೂಜೆ, ನಡುವೆ ನಮಗೆ ಉಪದೇಶ. ನಮ್ಮ ಪಾಲಿಗೆ ನೀರೆಂದರೆ ಬೆಳಗ್ಗೆ ಎರಡು ಗಂಟೆ ಬಂದು ನಿಂತುಹೋಗುವ ನಲ್ಲಿ. ಕೆಂಗೇರಿಯ ಹತ್ತಿರ ವೃಷಭಾವತಿ ಇತ್ತು, ನಿಜ. ಆದರೆ ಆ ಹೊತ್ತಿಗಾಗಲೇ ಅದನ್ನು ನದಿ ಎನ್ನಲು ಮೂಗು ಒಪ್ಪುತ್ತಿರಲಿಲ್ಲ.

ಮರಿಸ್ವಾಮಿ ಮಾತ್ರ ಹೊಳೆಯ ದಂಡೆಯವನು. ಶ್ರೀರಂಗಪಟ್ಟಣದ ಹತ್ತಿರದ ಬೆಸ್ತರ ಹುಡುಗ. ನಾವಿಬ್ಬರೂ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಅವನು ಫಿಟ್ಟರ್, ನಾನು ಸ್ಟೋರ್ಸ್ ಗುಮಾಸ್ತ. ಕೆಂಗೇರಿಯಲ್ಲಿ ರೂಮು ಮಾಡಿಕೊಂಡಿದ್ದ. ಭಾನುವಾರ ಸಂಜೆ ನಮ್ಮ ಮನೆಗೆ ಬಂದರೆ ಅವ್ವನ ಹೊಲಿಗೆ ಮೆಷಿನ್ನಿನಿಂದ ಹಿಡಿದು ಅಪ್ಪನ ರೇಡಿಯೋವರೆಗೆ ಕೆಟ್ಟದ್ದನ್ನೆಲ್ಲ ಸರಿಮಾಡಿ ಹೋಗುತ್ತಿದ್ದ. ಅಷ್ಟು ಬೇಗ ಬೇಗ ನಮ್ಮ ಮನೆಯ ಸಾಮಾನು ಯಾಕೆ ಕೆಡುತ್ತಿತ್ತು ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

"ಒಂದ್ಸಲ ನಮ್ಮ ಹೊಳೆಗೆ ಬಾರಯ್ಯಾ," ಎಂದು ಅವನು ಎರಡು ವರ್ಷದಿಂದ ಕರೆಯುತ್ತಿದ್ದ. ಕಡೆಗೊಂದು ಭಾನುವಾರ ಹೊರಟೆ. ಮನೆಯಲ್ಲಿ ನಿಮಿಷಾಂಬ ದರ್ಶನಕ್ಕೆ ಎಂದು ಹೇಳಿದ್ದೆ. ಗಿರಿಜೆ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಗಂಟು ಭಾರವಾಗಿತ್ತು.

ಬೆಳಗಿನ ಮೈಸೂರು ರೈಲು ಕೆಂಗೇರಿಯಲ್ಲಿ ನಿಂತಾಗ ಮರಿಸ್ವಾಮಿ ಎರಡು ಉದ್ದನೆಯ ಬಿದಿರಿನ ಗಾಳದ ಕೋಲುಗಳನ್ನು ಕಿಟಕಿಯೊಳಗೆ ತೂರಿಸಿ, ಆಮೇಲೆ ತಾನು ಹತ್ತಿದ. ಶ್ರೀರಂಗಪಟ್ಟಣ ಬರುವವರೆಗೂ ಆ ಕೋಲುಗಳಿಗೆ ತಲೆ ತಗುಲಿಸಿಕೊಂಡವರೆಲ್ಲ ನನ್ನನ್ನೇ ಬೈದರು.

ಅವನ ಸೋದರಮಾವನ ಹರಿಗೋಲು ದಡದಲ್ಲಿ ಬೋರಲು ಬಿದ್ದಿತ್ತು. ಚರ್ಮ ಹೊದಿಸಿದ ದೊಡ್ಡ ಬುಟ್ಟಿ ಎಂದರೂ ತಪ್ಪಿಲ್ಲ. ನೀರಿಗಿಳಿಸಿ ಕಾಲಿಟ್ಟ ಕೂಡಲೇ ಅದು ಒಂದು ಸುತ್ತು ಸುತ್ತಿತು; ನಾನು ಎರಡೂ ಕೈಯಲ್ಲಿ ಅದರ ಅಂಚು ಹಿಡಿದೆ. "ನಡುವೆ ಕೂತ್ಕೋ. ಅಲ್ಲಾಡ್ಬೇಡ. ಪೂಜೆಗೆ ಕೂತಂಗೆ ಕೂತ್ಕೋ," ಎಂದ. ಕಾರ್ಖಾನೆಯಲ್ಲಿ ಸೂಪರ್‌ವೈಸರನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದವನು ಹರಿಗೋಲು ನಡೆಸುವ ಹುಟ್ಟು ಕೈಗೆ ಬಂದದ್ದೇ ಬೇರೆ ಮನುಷ್ಯನಾದ. ಬೆನ್ನು ನೆಟ್ಟಗಾಯಿತು. ನೀರಿನ ಮೇಲೆ ಒಂದು ಗೆರೆ ಎಳೆದಂತೆ ನಮ್ಮನ್ನು ಹೊಳೆಯ ನಡುವಿನ ಬಂಡೆಗಳ ಹತ್ತಿರ ಒಯ್ದ.

ಗಾಳಕ್ಕೆ ಎರೆಹುಳು ಸಿಕ್ಕಿಸಬೇಕಾಗುತ್ತದೆಂದು ನಾನು ರಾತ್ರಿಯಿಂದ ಹೆದರಿದ್ದೆ. ಅವನು ತೆಗೆದದ್ದು ರಾಗಿ ಹಿಟ್ಟಿನ ಉಂಡೆ! "ಗೆಂಡೆ ಮೀನಿಗೆ ಇದೇ ಇಷ್ಟ," ಎಂದ. ಮೀನು ಸಸ್ಯಾಹಾರಿಯಾದರೆ ಹಿಡಿಯುವವನ ಪಾಪ ಹೆಚ್ಚೋ ಕಡಿಮೆಯೋ ಎಂಬ ಜಿಜ್ಞಾಸೆ ನನಗೆ ಹತ್ತಿಕೊಂಡಿತು. ಶಾಸ್ತ್ರಗಳಲ್ಲಿ ಇದಕ್ಕೆ ಉತ್ತರ ಇದ್ದಂತಿಲ್ಲ. ಲೋಕ ಮುಳುಗುವಾಗ ದೇವರೇ ಮೀನಾಗಿ ಬಂದ ಎನ್ನುತ್ತಾರೆ. ಚೆಲುವೆಯ ಕಣ್ಣಿಗೆ ಮೀನಿನ ಹೋಲಿಕೆ ಕೊಡುತ್ತಾರೆ. ನಿರ್ಧಾರ ಮಾಡಲಾಗದವನನ್ನು ಕಂಡರೆ ಮಾತ್ರ ಮೀನಮೇಷ ಎಣಿಸುತ್ತಾನೆ ಎಂದು ಅದೇ ಮೀನನ್ನು ಬಯ್ಗುಳಕ್ಕೆ ಎಳೆಯುತ್ತಾರೆ. ಇದನ್ನೆಲ್ಲ ಮರಿಸ್ವಾಮಿಗೆ ವಿವರಿಸಿದೆ. "ನೀನು ಹಿಂಗೇ ಮಾತಾಡ್ತಾ ಇದ್ರೆ ಮೈಸೂರಿನ ಮೀನೂ ಓಡೋಗ್ತದೆ," ಎಂದು ನಕ್ಕ.

ಸುಮ್ಮನಾದೆ. ಅಷ್ಟು ಹೊತ್ತು ಸುಮ್ಮನಿದ್ದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಬಂಡೆಯ ಮೇಲೊಂದು ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಬಿಸಿಲು ನೀರಿನ ತಳದವರೆಗೆ ಇಳಿದು ಮರಳು ಕಾಣುತ್ತಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಮರಳು ಕಾಣುತ್ತದೆ. ಆ ದಿನ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

"ರುದ್ರಾ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡ," ಎಂದ ಮರಿಸ್ವಾಮಿ. ಕಣ್ಣು ನೀರಿನ ಮೇಲೆ ತೇಲುತ್ತಿದ್ದ ಗಾಳದ ಬೆಂಡಿನ ಮೇಲೇ ಇತ್ತು.

"ಕೇಳು."

"ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿದೆ. ಮನೆ ಕೊಡ್ತಾರೆ. ಒಬ್ನೇ ಹೋಗೋಕೆ ಮನಸ್ಸಿಲ್ಲ." ಹುಟ್ಟನ್ನು ಮಡಿಲ ಮೇಲೆ ಇಟ್ಟುಕೊಂಡ. "ಗಿರಿಜಾನ ಕೊಡ್ತೀರಾ ಅಂತ ನಿಮ್ಮಪ್ಪನ್ನ ಕೇಳ್ಬೇಕು ಅಂತಿದೀನಿ. ನೀನು ನನ್ನ ಪಕ್ಕ ನಿಂತ್ಕೋತೀಯಾ?"

ನನಗೆ ಅವನಿಗಿಂತ ಒಳ್ಳೆಯ ಮನುಷ್ಯ ಗೊತ್ತಿರಲಿಲ್ಲ. ಅಪ್ಪನ ಮುಖವೂ ಚೆನ್ನಾಗಿಯೇ ಗೊತ್ತಿತ್ತು. ಹೂಂ ಎನ್ನಬಹುದಿತ್ತು. ಆಗಲ್ಲ ಎಂದಾದರೂ ಹೇಳಬಹುದಿತ್ತು. ನಾನು ಕೂಗಿದ್ದು ಇಷ್ಟು: "ಏಯ್, ಕಚ್ತು ನೋಡು!"

ಕೋಲನ್ನು ರಭಸದಿಂದ ಎಳೆದೆ. ಹರಿಗೋಲು ಓಲಾಡಿತು. ಗಾಳ ಗಾಳಿಯಲ್ಲಿ ತೂಗಾಡುತ್ತ ಬಂದು ನಮ್ಮಿಬ್ಬರ ನಡುವೆ ನಿಂತಿತು. ರಾಗಿ ಉಂಡೆ ಹಾಕಿದ ಹಾಗೇ ಗುಂಡಗಿತ್ತು.

ಮರಿಸ್ವಾಮಿ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದ. "ಇಲ್ಲ ಕಣಯ್ಯಾ, ಕಚ್ಚಿಲ್ಲ," ಎಂದ ಮೆತ್ತಗೆ. ಮತ್ತೆ ಕೇಳಲಿಲ್ಲ.

ಅರ್ಧ ಗಂಟೆಯ ಮೇಲೆ ಅವನ ಗಾಳಕ್ಕೆ ನಿಜವಾಗಿಯೇ ಒಂದು ಗೆಂಡೆ ಬಿತ್ತು. ಮೊಳದುದ್ದ, ಬಿಸಿಲಿಗೆ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಗಾಳ ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ನನಗೆ ತೋರಿಸಿದ. ಆಮೇಲೆ ನೀರಿಗೆ ಬಿಟ್ಟುಬಿಟ್ಟ. "ಯಾಕೋ?" ಎಂದೆ. "ಇವತ್ತು ಒಲೆ ಹಚ್ಚೋ ಮನಸ್ಸಿಲ್ಲ," ಎಂದ. ಚಪಾತಿಗಳನ್ನು ಬಂಡೆಯ ಮೇಲೆ ಕೂತು ತಿಂದೆವು. ಅವನು ಚಟ್ನಿಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ, ಕಾಗದದಲ್ಲಿ ಒಂದು ಕಣವೂ ಉಳಿಯದಂತೆ ತಿಂದ.

ವಾಪಸಾಗುವಾಗ ನಿಮಿಷಾಂಬ ಗುಡಿಗೂ ಹೋದೆವು. ಕೇಳಿದ್ದನ್ನು ನಿಮಿಷದಲ್ಲಿ ನಡೆಸಿಕೊಡುವ ತಾಯಿ ಎನ್ನುತ್ತಾರೆ. ನಾನು ಏನನ್ನೂ ಕೇಳಲಿಲ್ಲ. ಅವನು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದ. ಕೆಂಗೇರಿಯಲ್ಲಿ ಇಳಿದು, ಕೋಲುಗಳನ್ನು ಹೆಗಲಿಗೇರಿಸಿ, "ಬರ್ತೀನಿ" ಎಂದಷ್ಟೇ ಹೇಳಿ ಹೋದ. ತಿಂಗಳೊಳಗೆ ವಿಶಾಖಪಟ್ಟಣಕ್ಕೆ ಹೊರಟುಹೋದ. ಎರಡು ಕಾಗದ ಬಂದವು. ನಾನು ಒಂದಕ್ಕೆ ಉತ್ತರ ಬರೆದೆ. ಆಮೇಲೆ ಇಲ್ಲ.

ಗಿರಿಜೆಗೆ ದಾವಣಗೆರೆಯ ಒಬ್ಬ ವಕೀಲರೊಡನೆ ಮದುವೆಯಾಯಿತು. ಒಳ್ಳೆಯ ಮನುಷ್ಯ. ಅವರ ಮನೆಯಲ್ಲಿ ರೇಡಿಯೋ ಕೆಟ್ಟರೆ ಅಂಗಡಿಗೆ ಕಳಿಸುತ್ತಿದ್ದರು.

ಮೊನ್ನೆ ಮೊನ್ನೆ, ತಲೆ ಪೂರ್ತಿ ಬೆಳ್ಳಗಾದ ಮೇಲೆ, ಅವಳು ವಿಜಯನಗರದ ನಮ್ಮ ಮನೆಗೆ ಬಂದಿದ್ದಳು. ವರಾಂಡದಲ್ಲಿ ಕೂತು ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಯಾಕೋ ಬಾಯಿ ತಡೆಯಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

"ಗೊತ್ತು ಕಣೋ ಅಣ್ಣ," ಎಂದಳು ತಲೆ ಎತ್ತದೆ. "ಮೊದಲು ಅಣ್ಣನ್ನ ಕೇಳಿ ಅಂತ ಅವರಿಗೆ ಹೇಳಿದ್ದೇ ನಾನು. ನೀನು ಹೂಂ ಅಂದಿದ್ರೆ ಅಪ್ಪನ್ನ ನಾನು ನೋಡ್ಕೋತಿದ್ದೆ. ಅಪ್ಪನಿಗೆ ಯಾರು ಹೆದರಿದ್ರು?"

ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು. "ನನ್ನ ಮೇಲೆ ಕೋಪ ಬರ್ಲಿಲ್ವಾ?"

"ಬಂತು. ಒಂದು ವರ್ಷ ಇತ್ತು. ಆಮೇಲೆ ಮಕ್ಕಳಾದ್ವು, ಕೋಪ ಮಾಡ್ಕೊಳ್ಳೋಕೆ ಪುರುಸೊತ್ತಾಗ್ಲಿಲ್ಲ." ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು. "ಅದು ಹೋಗ್ಲಿ. ಅವರು ಹುಟ್ಟು ಹಾಕೋದು ಹೇಗಿತ್ತು? ನಾನು ನೋಡೇ ಇಲ್ಲ."

ಕ್ಷಮೆ ಕೇಳಲು ನಾನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅಲ್ಲೇ ಬಿದ್ದುಹೋದವು. ಅವಳಿಗೆ ಅದು ಬೇಕಿರಲಿಲ್ಲ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹುಟ್ಟಿಲ್ಲದ ಕೈಗಳಿಂದ, ಅವನು ಹೇಗೆ ಮುಂದೆ ಬಾಗಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ ಎಂದು ತೋರಿಸಿದೆ. ಅವಳು ಸುಲಿಯುವುದನ್ನು ನಿಲ್ಲಿಸಿ ನೋಡಿದಳು. ಇನ್ನೊಂದು ಸಲ ಎಂದಳು. ತೋರಿಸಿದೆ.

ಆ ದಿನ ಅವರೆಕಾಯಿ ಸುಲಿದು ಮುಗಿದು, ಅಡುಗೆಯಾಗಿ, ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಗಂಟೆ ಮೂರೂವರೆ.