ಕಣ್ಣಿನ ನಡುವಿನ ಕಲೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. 2006ರ ಶ್ರಾವಣದಲ್ಲಿ ಆ ಸಿಟ್ಟೆಲ್ಲ ಅತ್ತೆಯ ಮೇಲಿತ್ತು. ಹುಬ್ಬಳ್ಳಿಯಿಂದ ಲಾಸ್ ಏಂಜಲೀಸಿಗೆ ಆರು ತಿಂಗಳಿಗೆಂದು ಬಂದಿದ್ದ ಅವರು, ನಾನು ಮಾತಾಡಿಸಿದರೆ ಮುಖ ಓರೆ ಮಾಡಿ ಗೋಡೆ ನೋಡುತ್ತಿದ್ದರು. ಸೊಸೆಯ ಮುಖ ನೋಡುವುದೂ ಬೇಡವಾಯಿತೇನೋ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಶ್ರಾವಣ ಶುಕ್ರವಾರ ನಾರ್ತ್‌ರಿಜ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಆರೇಳು ಹೆಂಗಸರನ್ನು ಅರಿಶಿನ-ಕುಂಕುಮಕ್ಕೆ ಕರೆದಿದ್ದೆ. ಹಿರಿಯ ಮುತ್ತೈದೆಯೆಂದು ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಕುಂಕುಮದ ಬಟ್ಟಲು ಬಿಟ್ಟು ಅರಿಶಿನದ ಬಟ್ಟಲಿಗೆ ಬೆರಳದ್ದಿ, ಗ್ಲೆಂಡೇಲ್‌ನಿಂದ ಬಂದಿದ್ದ ಗೆಳತಿಯ ಹುಬ್ಬಿಗೆ ಬಳಿದರು. ಯಾರೋ ಕಿಸಕ್ಕೆಂದರು. ಅಷ್ಟರಲ್ಲೇ ಅತ್ತೆ, "ಅಡಗಿಮನಿ ಬಾಗಲದಾಗ ನಿನ್ನ ಮಗಳು ಓಡಿದ್ಲು ನೋಡು, ಉಂಡಿ ಡಬ್ಬಿಗೆ ಕೈ ಹಾಕಿರಬೇಕು" ಎಂದರು. ನಿಜ. ಅವರ ಬಲಕ್ಕೆ, ಅಷ್ಟು ದೂರದಲ್ಲಿ, ನನ್ನ ಏಳು ವರ್ಷದ ಮಗಳು ಉಂಡೆ ಹಿಡಿದು ನಗುತ್ತಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ಅಷ್ಟು ದೂರದ್ದು ಕಾಣಸ್ತದ, ಕೈಯಾಗಿನ ಕುಂಕುಮ ಕಾಣಂಗಿಲ್ಲೇನ್ರಿ ಅತ್ತಿ?" ಎಂದು ಎಲ್ಲರೆದುರಿಗೇ ಅಂದುಬಿಟ್ಟೆ.

ಮರುದಿನ ಬೆಳಿಗ್ಗೆ ಅತ್ತೆ ಮೆಲ್ಲಗೆ ಹೇಳಿದರು: "ನೆಟ್ಟಗ ನೋಡಿದ್ರ ನಟ್ಟನಡುವ ಒಂದು ಕರೀ ಕಲೆ ಕಾಣಸ್ತದವ್ವಾ. ಯಾವುದು ಕೆಂಪು, ಯಾವುದು ಹಳದಿ, ತಿಳಿಯಂಗಿಲ್ಲ."

"ಸಾಕ್ರಿ ನಾಟಕ" ಎಂದು ಪಾತ್ರೆ ತೊಳೆಯಲು ಹೋದೆ. ಗಂಡನಿಗೂ ಹೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಎರಡು ತಿಂಗಳ ಮೇಲೆ ಅವರು ಲೋಟದ ಪಕ್ಕಕ್ಕೆ ಚಹಾ ಸುರಿದು ಕೈ ಸುಟ್ಟುಕೊಂಡರು. ಆಗ ಎಚ್ಚೆತ್ತು ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿದ್ದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕೆಂಪು ಪೆನ್ನೊಂದನ್ನು ಅವರ ಕಿವಿಯ ಪಕ್ಕ ಅಲುಗಿಸಿದರು. "ಏನೋ ಅಳ್ಳಾಡ್ತು" ಎಂದರು ಅತ್ತೆ ತಕ್ಷಣ. ಅದೇ ಪೆನ್ನನ್ನು ಮುಖದೆದುರು ಹಿಡಿದರೆ ಏನೂ ಕಾಣಲಿಲ್ಲ. ಬಣ್ಣ, ಅಕ್ಷರ, ಮುಖ ಸ್ಪಷ್ಟವಾಗಿ ನೋಡುವುದು ಕಣ್ಣಿನ ಪರದೆಯ ನಡುವಿನ ಚುಕ್ಕೆಯಷ್ಟು ಜಾಗ, ಇವರಿಗೆ ಅದೇ ಹಾಳಾಗಿದೆ ಎಂದು ಡಾಕ್ಟರು ವಿವರಿಸಿದರು. ಅಂಚಿಗೆ ಬಣ್ಣ ಅಷ್ಟಾಗಿ ತಿಳಿಯದು, ಆದರೆ ಅಲುಗಿದ್ದು ಥಟ್ಟನೆ ಸಿಗುತ್ತದೆ. ಇಂಥವರು ಎದುರಿಗಿದ್ದವರ ಮುಖ ಕಾಣಲೆಂದೇ ಓರೆಯಾಗಿ ನೋಡುತ್ತಾರಂತೆ.

ಮೊದಲೇ ಬಂದಿದ್ದರೆ ಸ್ವಲ್ಪವಾದರೂ ಉಳಿಸಬಹುದಿತ್ತು ಎಂದರು ಡಾಕ್ಟರು. ಆಮೇಲೆ ಕೇಳಿದರು, ಇವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವೇ? ಅತ್ತೆಗೆ ಇಂಗ್ಲಿಷ್ ಬಾರದು, ಡಾಕ್ಟರಿಗೆ ಕನ್ನಡ ಬಾರದು. ಇಬ್ಬರ ನಡುವೆ ಇದ್ದವಳು ನಾನೊಬ್ಬಳೇ. ಆ ಪ್ರಶ್ನೆಯನ್ನು ನಾನೇ ಕನ್ನಡದಲ್ಲಿ ಅತ್ತೆಗೆ ಕೇಳಿದೆ.

ಅತ್ತೆ, "ಯಾರ ಮುಂದೂ ಹೇಳಿಲ್ಲಂತ ಹೇಳು" ಎಂದರು.

ನಾನು ಹಾಗೆಯೇ ಹೇಳಿದೆ.