ಬಲಗಲ್ಲದ ಮಚ್ಚೆ

ಸಿಂದಗಿಯಲ್ಲಿ ನನ್ನದೊಂದು ಪಾರ್ಲರ್ ಇದೆ. ಬ್ಯೂಟಿಷಿಯನ್ ಅಂದರೆ ಐಬ್ರೋ ಮಾಡುವವಳು ಅಷ್ಟೇ ಅಂದುಕೊಂಡವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದ್ದ ಮುಖವನ್ನೇ ತಿದ್ದಿ ಚೆಂದ ಕಾಣಿಸುವವಳು ಬ್ಯೂಟಿಷಿಯನ್. ಕಲಿಯಲು ಬರುವ ಹುಡುಗಿಯರಿಗೂ ಇದನ್ನೇ ಗದರಿಸಿ ಹೇಳುತ್ತೇನೆ. ಒಂದು ಸಲ ಮಾತ್ರ ನಾನೇ ಆ ಮಾತು ಮೀರಿದೆ.

ಅಂದು ಮುಂಜಾನೆ ದೇವರ ಹಿಪ್ಪರಗಿ ಕಡೆಯ ಹೆಂಗಸೊಬ್ಬರು ಮದುಮಗಳನ್ನು ಕರೆತಂದರು. ಜೊತೆಗೆ ನಾಲ್ಕು ವರ್ಷದ ಮೊಮ್ಮಗಳು. ಹಿರಿಮಗಳು ತೀರಿಕೊಂಡು ವರ್ಷವಾಗಿತ್ತು. ಕಿರಿಯವಳನ್ನು ಅದೇ ಅಳಿಯನಿಗೆ ಕೊಡುತ್ತಿದ್ದರು.

"ತಾಯಿ ಹೋದಾಗಿಂದ ಈ ಕೂಸು ಚಿಗವ್ವನ ಹತ್ರ ಸುಳಿಯಂಗಿಲ್ಲ. ಇಕಿನ್ನ ಥೇಟ್ ಅಕ್ಕನಂಗ ಮಾಡಿಬಿಡು ಯವ್ವಾ. ಕೂಸು ಇಕಿಗೆ ಅವ್ವ ಅಂದ್ರ ಸಾಕು," ಎಂದು ಅಜ್ಜಿ ಮೊಬೈಲ್ ಹಿಡಿದರು. ಅದರಲ್ಲಿ ಸತ್ತವಳ ಸೆಲ್ಫಿ. ಗಲ್ಲದ ಮೇಲೆ ದೊಡ್ಡ ಮಚ್ಚೆ.

"ನಿನಗ ಹೆಂಗ ಬೇಕವಾ?" ಎಂದು ಹುಡುಗಿಯನ್ನು ಕೇಳಿದೆ.

"ಅವ್ವ ಹೇಳಿದಂಗ ಮಾಡ್ರಿ."

ಆಗಲೇ ಒಲ್ಲೆ ಅನ್ನಬೇಕಿತ್ತು. ಕೈಚಳಕದ ಸೊಕ್ಕು, ಬಿಡಲಿಲ್ಲ. ಹುಬ್ಬು ತೆಳ್ಳಗಾಯಿತು, ಮೂಗು ನೀಳವಾಯಿತು. ಕುರ್ಚಿಯಲ್ಲಿದ್ದವಳು ಎದ್ದುಹೋಗಿ ಬೇರೆ ಯಾರೋ ಬಂದು ಕೂತಂತಾಯಿತು. ಕೊನೆಗೆ ಸೆಲ್ಫಿಯಲ್ಲಿ ಕಂಡಂತೆಯೇ ಎಡಗಲ್ಲಕ್ಕೆ ಮಚ್ಚೆ ಇಟ್ಟೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಬಂದ್ಯಾ ನನ್ನವ್ವಾ?" ಅಂದರು.

ಮದುಮಗಳು ಕೂಸಿನತ್ತ ಕೈಚಾಚಿದಳು. ಕೂಸು ಅವಳನ್ನೇ ದಿಟ್ಟಿಸಿ ನೋಡಿತು.

"ನಮ್ಮವ್ವನ ಮಚ್ಚಿ ಈ ಕಡೆ ಐತಿ," ಎಂದು ತನ್ನ ಬಲಗಲ್ಲ ಮುಟ್ಟಿ ತೋರಿಸಿತು.

ಅಯ್ಯೋ ನನ್ನ ಕರ್ಮವೇ! ಸೆಲ್ಫಿಯಲ್ಲಿ ಎಡಬಲ ಅದಲುಬದಲಾಗುತ್ತದೆ ಎಂಬುದು ಈ ಕಸುಬಿನವಳಿಗೆ ನೆನಪಿರಬೇಡವೇ?

ಮದುಮಗಳು ಗಾಬರಿಯಾಗಿ ಕನ್ನಡಿಗೆ ತಿರುಗಿದಳು. ಕೂಸೂ ಅತ್ತ ನೋಡಿತು. ಕನ್ನಡಿಯೊಳಗಿನವಳ ಮಚ್ಚೆ ಸರಿಯಾದ ಕಡೆಗೇ, ಬಲಗಲ್ಲದ ಮೇಲೇ ಇತ್ತು. ಕೂಸು ಚಿಗವ್ವನನ್ನು ದಾಟಿ ಓಡಿ, ಎರಡೂ ಅಂಗೈಯಿಂದ ಗಾಜು ಬಡಿಯತೊಡಗಿತು.

"ಅವ್ವಾ! ಅಲ್ಲ್ಯಾಕ ಕುಂತಿ? ಹೊರಗ ಬಾ!"

ಅಜ್ಜಿ ಕುಸಿದು ಕೂತರು. ನನಗೆ ಸಾಕುಸಾಕಾಗಿತ್ತು. ಇಡೀ ಮುಖ ಒರೆಸಿಬಿಡೋಣ ಎಂದು ಒದ್ದೆ ಬಟ್ಟೆ ತಂದೆ. ಹುಡುಗಿ ನನ್ನ ಕೈ ಹಿಡಿದಳು. ಕಣ್ಣು ತುಂಬಿದ್ದವು.

"ಮಚ್ಚಿ ಅಷ್ಟ ಒರಸ್ರಿ ಅಕ್ಕಾರ. ಬಲಗಡೆ ಇಡ್ರಿ."

ಇಟ್ಟೆ. ಕೂಸು ತಿರುಗಿ ನೋಡಿತು. ಓಡಿ ಬಂದು ಅವಳ ತೊಡೆಯೇರಿ, ಕೊರಳಿಗೆ ಜೋತುಬಿತ್ತು. ಆಮೇಲೆ ಕನ್ನಡಿಯತ್ತ ಬೆರಳು ಮಾಡಿ, ಅವಳ ಕಿವಿಯಲ್ಲಿ ಹೇಳಿತು:

"ಅವ್ವಾ, ಈಗ ಚಿಗವ್ವ ಒಳಗ ಹೋಗ್ಯಾಳ."

ಹುಡುಗಿ ಕನ್ನಡಿಯನ್ನು ನೋಡುತ್ತಲೇ ಹೂಂ ಅಂದಳು.