ಬಾವಿ ಕಡೆಯ ಮಷಿನ್‌ಗೆ ಇಟ್ಟ ಹೆಸರು

ಆ ದಿನ ಕಂಡದ್ದನ್ನು ಕಂಡಷ್ಟೇ ಬರೆಯಲು ನೋಡುತ್ತೇನೆ.

ನಾನು ಸೇಡಂನಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ತಮ್ಮನಿಗೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಶೆಡ್ ಇದೆ. ಅವನೂ ಇದೇ ಓದಿದವನು. ಕೊಯ್ಯುವ ಮಷಿನ್‌ಗಳನ್ನು ನಡೆಸಲು ಒಂದು ಚಿಪ್ ಕೂರಿಸಿದ್ದ. ಚಿಪ್‌ನೊಳಗಿನ ಸರ್ಕ್ಯೂಟ್ ಹೇಗಿರಬೇಕೆಂದು ವೆರಿಲಾಗ್ ಎಂಬ ಭಾಷೆಯಲ್ಲಿ ತಾನೇ ಬರೆದಿದ್ದ. ಒಂದೊಂದು ಮಷಿನ್‌ಗೆ ಕೋಡಿನ ಒಂದೊಂದು ತುಂಡು, ಅಂದರೆ ಬ್ಲಾಕ್. ಬ್ಲಾಕಿಗೆ ನಾವು ಹೆಸರಿಡಬಹುದು. ಇಡದಿದ್ದರೆ ಸಾಫ್ಟ್‌ವೇರ್ ಮೇಲಿನಿಂದ ಕೆಳಗೆ ಒಂದು, ಎರಡು ಎಂದು ತಾನೇ ಎಣಿಸಿಕೊಂಡು ಹೋಗುತ್ತದೆ. ತಮ್ಮ ಇಟ್ಟಿರಲಿಲ್ಲ. ಇದ್ದದ್ದು ಎರಡೇ ಮಷಿನ್, ರಸ್ತೆ ಕಡೆಯದು ಮತ್ತು ಬಾವಿ ಕಡೆಯದು. ಲ್ಯಾಪ್‌ಟಾಪಿನ ಪರದೆಯಲ್ಲಿ ಎರಡನೆಯ ಬ್ಲಾಕಿನ ಎದುರು 'ಬಾವಿ ಕಡೆ' ಎಂದು ಟೈಪ್ ಮಾಡಿಕೊಂಡಿದ್ದ. ಅಷ್ಟು ದಿನ ಅದೇ ಸಾಕಾಗಿತ್ತು.

ಆ ವಾರ ಮೂರನೆಯ ಮಷಿನ್ ಬಂತು. ಅದನ್ನು ಬಾಗಿಲ ಬಳಿ ಕೂರಿಸಿದರು. ಒಳಗೆ ಬಂದವರಿಗೆ ಮೊದಲು ಕಾಣುವುದು ಅದೇ ಎಂದು ತಮ್ಮ ಅದರ ಬ್ಲಾಕನ್ನೂ ಕೋಡಿನಲ್ಲಿ ಎಲ್ಲಕ್ಕಿಂತ ಮೇಲೆ ಬರೆದ. ರವಿವಾರ ಬಂದು ನೋಡು ಎಂದು ನನ್ನನ್ನು ಕರೆದ. ವಾರವೆಲ್ಲ ಪಾಠ ಮಾಡಿ ದಣಿದಿದ್ದೆ. ಆದರೂ ಚಿತ್ತಾಪುರ, ವಾಡಿ ದಾಟಿ ಪ್ಯಾಸೆಂಜರ್ ರೈಲಿನಲ್ಲಿ ಹೋದೆ.

ಅಂದು ಪೈಪಿನಲ್ಲಿ ನೀರು ಸಣ್ಣಗಿತ್ತು. ಬ್ಲೇಡಿಗೆ ನೀರು ಸಾಲದಿದ್ದರೆ ಮಷಿನ್ ತಾನೇ ನಿಲ್ಲುತ್ತದೆ. ನೀರು ಬಂದರೆ ತಾನೇ ತಿರುಗುತ್ತದೆ. ಗುಂಡಿ ಒತ್ತಿ ಬಂದ್ ಮಾಡಿದ್ದು ಮಾತ್ರ ತಾನಾಗಿ ತಿರುಗುವುದಿಲ್ಲ. ಆಗ ಮೂರೂ ಸುಮ್ಮನಿದ್ದವು. ಯಾವುದು ಬಂದ್ ಆಗಿದೆ, ಯಾವುದು ನೀರಿಗೆ ಕಾಯುತ್ತಿದೆ ಎಂಬುದು ಪರದೆ ನೋಡಿದರಷ್ಟೇ ತಿಳಿಯುತ್ತಿತ್ತು.

ಬಾವಿ ಕಡೆಯ ಬ್ಲೇಡಿನ ಬುಡದಲ್ಲಿ ಕಲ್ಲಿನ ಚೂರು ಸಿಕ್ಕಿಕೊಂಡಿತ್ತು. ಆ ಮಷಿನ್ ನಡೆಸುವ ಹಿರಿಯರನ್ನು ಶೆಡ್ಡಿನಲ್ಲಿ ಎಲ್ಲರೂ ಕಾಕಾ ಎನ್ನುತ್ತಾರೆ. ಅವರು ಟವಲ್ಲನ್ನು ಬಲಗೈಗೆ ಸುತ್ತಿಕೊಂಡು ಬಗ್ಗಿದರು.

"ಬಂದ್ ಅದ ಏನೋ?"

"ಪೂರಾ ಬಂದ್ ಅದ ಕಾಕಾ. ಕೈ ಹಾಕ್ರಿ," ಎಂದ ತಮ್ಮ.

"ನೋಡಿ ಹೇಳ್ಲಿಕತ್ತಿಯೋ, ಹಂಗೇ ಹೇಳ್ಲಿಕತ್ತಿಯೋ?"

"ನೋಡೇ ಹೇಳ್ಲಿಕತ್ತೀನ್ರಿ. ಇಲ್ಲಿ ಬರದದ. ಬಾವಿ ಕಡೆ, ಬಂದ್."

ಹಾಗೆ ಬರೆದದ್ದು ನಿಜ. ನಾನೂ ನೋಡಿದೆ.

ಪೈಪ್ ಗೊರಗೊರ ಅಂದಿತು. ನೀರು ಬಂತು. ಬ್ಲೇಡ್ ತಿರುಗಿತು. ಟವಲ್ ಕಾಕಾನ ಕೈಯಿಂದ ಕಿತ್ತುಕೊಂಡು ಒಳಗೆ ಹೋಯಿತು; ಅವರು ಹಿಂದಕ್ಕೆ, ಕಲ್ಲಿನ ರಾಡಿಯಲ್ಲಿ ಕೂತಂತೆ ಬಿದ್ದರು. ಯಾರಾದರೂ ಕೂಗಿದರೋ ಇಲ್ಲವೋ ನನಗೆ ನೆನಪಿಲ್ಲ. ನೆನಪಿರುವುದು ಇದು: ತಮ್ಮ ಓಡಿ ಮೇನ್ ಸ್ವಿಚ್ ಇಳಿಸಿದ. ಕಾಕಾ ಕೈಯನ್ನು ಮುಖದ ಹತ್ತಿರ ಹಿಡಿದು ಒಂದೊಂದೇ ಬೆರಳು ಮಡಚಿ ನೋಡಿಕೊಂಡರು. ಎಲ್ಲವೂ ಇದ್ದವು.

ಆಮೇಲೆ ಕೋಡ್ ತೆರೆದೆವು. ಹೊಸ ಬ್ಲಾಕ್ ಮೇಲೆ ಸೇರಿದ್ದರಿಂದ ಹಳೆಯವೆರಡೂ ಒಂದೊಂದು ಅಂಕಿ ಕೆಳಗೆ ಸರಿದಿದ್ದವು. ತಮ್ಮ ಟೈಪ್ ಮಾಡಿದ್ದ 'ಬಾವಿ ಕಡೆ' ಮಾತ್ರ ಎರಡರ ಎದುರಿಗೇ ಉಳಿದಿತ್ತು. ಈಗ ಎರಡು ಎಂದರೆ ರಸ್ತೆ ಕಡೆಯ ಮಷಿನ್. ಬಂದ್ ಆಗಿದ್ದುದು ಅದು. ಬಾವಿ ಕಡೆಯದು ನೀರಿಗೆ ಕಾಯುತ್ತಿತ್ತು.

"ಆ ಹೆಸರು ಒಂದು ಕೆಳಗ ಸರಿಸಿದ್ರ ಆತಲ್ಲಕ್ಕಾ," ಎಂದ ತಮ್ಮ.

"ನಾಳಿ ನಾಕನೇದು ಬಂದ್ರ?"

ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಪ್ರತಿ ಬ್ಲಾಕ್ ಶುರುವಾಗುವ 'ಬಿಗಿನ್' ಪದದ ಮುಂದೆ ಎರಡು ಚುಕ್ಕೆ ಇಟ್ಟು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆದೆವು: ಬಾಗಿಲು, ರಸ್ತೆ, ಬಾವಿ. ಪರದೆಯ ಮೇಲೆ ಕೈಯಿಂದ ಟೈಪ್ ಮಾಡಿದ್ದನ್ನು ಅಳಿಸಿ, ಕೋಡನ್ನು ಮತ್ತೆ ಚಿಪ್‌ಗೆ ಹಾಕಿದೆವು. ಇನ್ನು ಹೆಸರು ಕೋಡಿನಿಂದಲೇ ಬರಬೇಕು. ಬ್ಲಾಕನ್ನು ಎಲ್ಲಿ ಸೇರಿಸಿದರೂ ಅದು ಬದಲಾಗುವುದಿಲ್ಲ. ಕೆಲಸ ಅಷ್ಟೇ. ಇಷ್ಟು ಸಣ್ಣದನ್ನು ಮೊದಲೇ ಮಾಡಿರಲಿಲ್ಲವೆಂಬುದು ನನ್ನನ್ನು ಇನ್ನಷ್ಟು ದಣಿಸಿತು.

ಕಾಕಾ ಫರಸಿಗಳ ಮೇಲೆ ಕೂತಿದ್ದರು. ಬಲಗೈ ಕಂಕುಳಲ್ಲಿತ್ತು. ಚಹಾ ಎಡಗೈಯಲ್ಲಿ ಹಿಡಿದಿದ್ದರು.

"ಕಾಕಾ, ಎಲ್ಲಾಕ್ಕೂ ಹೆಸರು ಇಟ್ಟೀವ್ರಿ. ಇನ್ನ ಅದಲು ಬದಲು ಆಗಂಗಿಲ್ಲ," ಎಂದ ತಮ್ಮ.

"ತೊಟ್ಟಿಲಿಲ್ಲ, ಸಕ್ರಿ ಇಲ್ಲ, ಎಂಥಾ ಹೆಸರಿಡೂದೋ ನಿಂದು!" ಕಾಕಾ ನಕ್ಕರು. "ಆ ಚೂರು ಇನ್ನಾ ಅಲ್ಲೇ ಅದ. ಫ್ಯೂಸ್ ಕಿತ್ತು ನನ್ನ ಕೈಯಾಗ ಕೊಡು. ಆಮ್ಯಾಲ ನೀ ಕೈ ಹಾಕು."

ತಮ್ಮ ಬಾವಿ ಕಡೆಯದನ್ನು ಗುಂಡಿ ಒತ್ತಿ ಬಂದ್ ಮಾಡಿ, ಅದರ ಫ್ಯೂಸ್ ಕಿತ್ತು ಕೊಟ್ಟ. ಪರದೆ ನೋಡಿದ, ಬಾವಿ, ಬಂದ್ ಎಂದು ಇತ್ತು. ತೋಳು ಮಡಚಿ ಬಗ್ಗಿದ. ನಾನು ಪರದೆ ಬಿಟ್ಟು ಬ್ಲೇಡನ್ನೇ ನೋಡುತ್ತ ನಿಂತೆ. ಅವನು ಚೂರನ್ನು ಹೊರಗೆಳೆದು ಕಾಕಾನ ಮುಂದೆ ಇಟ್ಟ.

"ಇನ್ನ ಚಾಲೂ ಮಾಡ್ಲೇನ್ರಿ?"

"ಇವತ್ತ ಬ್ಯಾಡೋ. ನಾಳಿ ನೋಡಮು."

ಕಾಕಾ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಫ್ಯೂಸ್ ಅವರ ಅಂಗಿಯ ಜೇಬಿನಲ್ಲೇ ಇತ್ತು. ತಮ್ಮ ಅದನ್ನು ಕೇಳಲಿಲ್ಲ.